ತಾಲ್ಲೂಕಿನ ಪುಟ ತಿದ್ದುವ ಕೈ ಯಾರದು? ಸರ್ವರ್‌ನಿಂದ ಬ್ರೌಸರ್‌ಗೆ ಬಂದ ಜಾಲತಾಣದ ಕೆಲಸ

ಹಾವೇರಿ: ಐದು ವರ್ಷಗಳ ಅವಧಿಯಲ್ಲಿ ಹಾವೇರಿ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಪೈಕಿ ನಾಲ್ಕು ಉಪಚುನಾವಣೆ ಕಂಡವು. 2019ರ ಡಿಸೆಂಬರ್‌ನಲ್ಲಿ ಹಿರೇಕೆರೂರು ಮತ್ತು ರಾಣೆಬೆನ್ನೂರು, 2021ರ ಅಕ್ಟೋಬರ್‌ನಲ್ಲಿ ಹಾನಗಲ್, 2024ರ ನವೆಂಬರ್‌ನಲ್ಲಿ ಶಿಗ್ಗಾವಿ. ಸವಣೂರು ಪಟ್ಟಣ ಶಿಗ್ಗಾವಿ ಕ್ಷೇತ್ರಕ್ಕೆ ಸೇರಿರುವುದರಿಂದ ಅಲ್ಲಿಯ ಮತದಾರರಿಗೂ ಶಾಸಕರು ಬದಲಾದರು.

ಮತಗಟ್ಟೆ, ಬಂದೋಬಸ್ತ್, ಎಣಿಕೆ ಕೇಂದ್ರಗಳ ಸುದ್ದಿಯನ್ನು ಜನ ಓದಿದ್ದಾರೆ. ಆದರೆ ಪ್ರತಿ ಉಪಚುನಾವಣೆಯ ಹಿಂದೆಯೂ ಮುಂದೆಯೂ ಯಾರ ಕಣ್ಣಿಗೂ ಬೀಳದ ಇನ್ನೊಂದು ಕೆಲಸವಿರುತ್ತದೆ. ಚುನಾವಣೆ ಘೋಷಣೆಯಾಗಿ ಮಾದರಿ ನೀತಿಸಂಹಿತೆ ಜಾರಿಗೆ ಬಂದ ಕೂಡಲೇ ಸರಕಾರಿ ಜಾಲತಾಣಗಳಲ್ಲಿರುವ ಸಚಿವರು ಹಾಗೂ ರಾಜಕಾರಣಿಗಳ ಭಾವಚಿತ್ರ, ಉಲ್ಲೇಖಗಳನ್ನು ತೆಗೆಯಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಫಲಿತಾಂಶ ಬಂದ ಮೇಲೆ 'ಶಾಸಕರು' ಎಂಬ ಸಾಲಿನಲ್ಲಿ ಹೆಸರು ಬದಲಾಗಬೇಕು. ತೆಗೆಯುವುದಕ್ಕೆ ಎರಡು ನಿಮಿಷ, ಬರೆಯುವುದಕ್ಕೆ ಮತ್ತೆರಡು ನಿಮಿಷ ಸಾಕು. ಆದರೆ ಆ ನಾಲ್ಕು ನಿಮಿಷಗಳ ಕೆಲಸವನ್ನು ಯಾರು, ಎಲ್ಲಿ ಕುಳಿತು ಮಾಡಬಲ್ಲರು ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷಗಳ ಹಿಂದಿದ್ದ ಉತ್ತರ ಒಂದು, ಇಂದಿನ ಉತ್ತರ ಇನ್ನೊಂದು.

ಸರ್ವರ್ ಬಾಗಿಲಲ್ಲಿ ಕಾಯುತ್ತಿದ್ದ ಕಾಲ

ಜಾಲತಾಣವೆಂದರೆ ದಿನದ ಇಪ್ಪತ್ತನಾಲ್ಕು ಗಂಟೆಯೂ ಚಾಲೂ ಇರುವ ಒಂದು ಗಣಕಯಂತ್ರದಲ್ಲಿ ಇರಿಸಲಾದ ಬರೆಹ, ಚಿತ್ರಗಳ ಸಂಗ್ರಹ. ಆ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಓದುಗನ ಯಂತ್ರದಲ್ಲಿ ಅಥವಾ ಮೊಬೈಲ್‌ನಲ್ಲಿ ಪುಟವನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್. ಮೊದಲ ದಿನಗಳಲ್ಲಿ ಪ್ರತಿ ಪುಟವೂ ಸರ್ವರ್‌ನಲ್ಲಿದ್ದ ಒಂದೊಂದು ಕಡತವಾಗಿತ್ತು. ಒಂದು ಹೆಸರು ಬದಲಿಸಬೇಕೆಂದರೆ ಎಫ್‌ಟಿಪಿ ಎಂಬ ವಿಧಾನದಿಂದ ಆ ಕಡತವನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡು, ನೋಟ್‌ಪ್ಯಾಡ್ ಅಥವಾ ಫ್ರಂಟ್‌ಪೇಜ್‌ನಲ್ಲಿ ತೆರೆದು, ಎಚ್‌ಟಿಎಂಎಲ್ ಗುರುತುಗಳ ನಡುವೆ ಸಿಕ್ಕಿಕೊಂಡಿರುವ ಹೆಸರನ್ನು ಹುಡುಕಿ ತಿದ್ದಿ, ಮತ್ತೆ ಸರ್ವರ್‌ಗೆ ಏರಿಸಬೇಕಿತ್ತು. ಒಂದು ಗುರುತು ಕೈತಪ್ಪಿ ಅಳಿಸಿಹೋದರೆ ಇಡೀ ಕೋಷ್ಟಕ ಚದುರಿಹೋಗುತ್ತಿತ್ತು. ಇಬ್ಬರು ಒಂದೇ ಕಡತವನ್ನು ಒಟ್ಟಿಗೆ ಇಳಿಸಿಕೊಂಡರೆ ಕೊನೆಗೆ ಏರಿಸಿದವನದೇ ಉಳಿದು, ಮೊದಲಿನವನ ಶ್ರಮ ನೀರಿನಲ್ಲಿ ಹೋಮವಾಗುತ್ತಿತ್ತು.

ಈ ಪದ್ಧತಿಯ ನಿಜವಾದ ತೊಡಕು ತಾಂತ್ರಿಕವಾದದ್ದಲ್ಲ. ಸರ್ವರ್‌ನ ಪಾಸ್‌ವರ್ಡ್ ಹೊಂದಿದ್ದವನು ಸಾಮಾನ್ಯವಾಗಿ ಬೆಂಗಳೂರಿನಲ್ಲೋ ಇನ್ನೆಲ್ಲೋ ಇದ್ದ ತಂತ್ರಜ್ಞ; ಬದಲಾದ ಸಂಗತಿಯನ್ನು ಬಲ್ಲವನು ಹಾನಗಲ್‌ನಲ್ಲೋ ಸವಣೂರಿನಲ್ಲೋ ಇದ್ದ ಗುಮಾಸ್ತ. ಇಬ್ಬರ ನಡುವೆ ಪತ್ರ, ಟಿಪ್ಪಣಿ, ಅನುಮೋದನೆಗಳ ಸಾಲು ನಿಲ್ಲುತ್ತಿತ್ತು. ತಿಳಿದವನಿಗೆ ಕೈಯಿಲ್ಲ, ಕೈಯಿರುವವನಿಗೆ ತಿಳಿವಿಲ್ಲ ಎಂಬಂಥ ಸ್ಥಿತಿ.

ಹಿರೇಕೆರೂರು ತಾಲ್ಲೂಕಿನದೇ ನಿದರ್ಶನವನ್ನು ನೋಡಬಹುದು. 2017-18ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ರಟ್ಟೀಹಳ್ಳಿಯೂ ಒಂದು. ಹಿರೇಕೆರೂರಿನಿಂದ ಅದು ಬೇರ್ಪಟ್ಟಾಗ, 1997ರಲ್ಲಿ ಧಾರವಾಡದಿಂದ ಒಡೆದು ಬಂದ ಜಿಲ್ಲೆಯ ಏಳು ತಾಲ್ಲೂಕುಗಳು ಎಂಟಾದವು. ಪ್ರತಿ ಪುಟವೂ ಪ್ರತ್ಯೇಕ ಕಡತವಾಗಿರುವ ತಾಣದಲ್ಲಿ 'ಏಳು' ಎಂದಿರುವ ಪ್ರತಿ ಸಾಲನ್ನೂ ಒಂದೊಂದಾಗಿ ಹುಡುಕಬೇಕು. ಮುಖಪುಟದಲ್ಲಿ ಎಂಟು, ಕಂದಾಯ ಪುಟದಲ್ಲಿ ಏಳು, ಕೃಷಿ ಇಲಾಖೆಯ ಪುಟದಲ್ಲಿ ಮತ್ತೆ ಏಳು ಎಂದು ಉಳಿದುಬಿಡುವ ಅಪಾಯ ಹುಟ್ಟುವುದೇ ಇಲ್ಲಿ.

'ಪ್ರಕಟಿಸು' ಒತ್ತಿದಾಗ ಆಗುವುದೇನು?

ಇದಕ್ಕೆ ಪರಿಹಾರವಾಗಿ ಬಂದದ್ದು ವಿಷಯ ನಿರ್ವಹಣಾ ತಂತ್ರಾಂಶ. ದ್ರುಪಲ್ (2001), ವರ್ಡ್‌ಪ್ರೆಸ್ (2003), ಜೂಮ್ಲಾ (2005) ಈ ಬಗೆಯವು. ಇಲ್ಲಿ ಪುಟವೆಂಬ ಸಿದ್ಧ ಕಡತವೇ ಇರುವುದಿಲ್ಲ. ಬರೆಹವೆಲ್ಲ ದತ್ತಸಂಚಯದಲ್ಲಿ, ಅಂದರೆ ಸಾಲು ಸಾಲಾಗಿ ಜೋಡಿಸಿದ ಒಂದು ದೊಡ್ಡ ದಫ್ತರದಲ್ಲಿ ಇರುತ್ತದೆ. ಪುಟದ ಚೌಕಟ್ಟು, ಬಣ್ಣ, ತಲೆಪಟ್ಟಿ ಬೇರೆ ಕಡೆ ಇರುತ್ತವೆ. ಓದುಗ ಪುಟ ಕೇಳಿದಾಗ ತಂತ್ರಾಂಶವು ಎರಡನ್ನೂ ಕೂಡಿಸಿ ಕೊಡುತ್ತದೆ.

ತಿದ್ದುವವನು ತನ್ನ ಬ್ರೌಸರ್‌ನಲ್ಲೇ ತಾಣದ ಒಳಬಾಗಿಲನ್ನು ತೆರೆಯುತ್ತಾನೆ. ಹೆಸರು, ಪಾಸ್‌ವರ್ಡ್ ಕೊಟ್ಟೊಡನೆ ಅರ್ಜಿ ನಮೂನೆಯಂಥ ಒಂದು ಪುಟ ಬರುತ್ತದೆ. ಶೀರ್ಷಿಕೆಗೊಂದು ಚೌಕ, ಬರೆಹಕ್ಕೊಂದು ಚೌಕ, ದಿನಾಂಕಕ್ಕೊಂದು. ತುಂಬಿ 'ಪ್ರಕಟಿಸು' ಎಂದು ಒತ್ತಿದರೆ ಬ್ರೌಸರ್ ಆ ಬರೆಹವನ್ನು ಗೂಢಲಿಪಿಯಲ್ಲಿ ಸುತ್ತಿ ಸರ್ವರ್‌ಗೆ ಕಳಿಸುತ್ತದೆ. ಈ ಮನುಷ್ಯನಿಗೆ ಈ ಪುಟವನ್ನು ತಿದ್ದುವ ಅಧಿಕಾರ ಇದೆಯೇ ಎಂದು ತಂತ್ರಾಂಶ ಪರೀಕ್ಷಿಸುತ್ತದೆ. ಇದ್ದರೆ ದಫ್ತರದ ಆ ಸಾಲು ಬದಲಾಗುತ್ತದೆ, ಮುಂದಿನ ಓದುಗನಿಗೆ ಹೊಸ ಸಾಲೇ ಕಾಣುತ್ತದೆ. ತಾಲ್ಲೂಕುಗಳ ಪಟ್ಟಿಯನ್ನು ದಫ್ತರದಲ್ಲಿ ಒಂದೇ ಕಡೆ ಇಟ್ಟು ಎಲ್ಲ ಪುಟಗಳೂ ಅಲ್ಲಿಂದಲೇ ಪಡೆಯುವಂತೆ ಮಾಡಿದ್ದರೆ ರಟ್ಟೀಹಳ್ಳಿಯನ್ನು ಒಮ್ಮೆ ಸೇರಿಸಿದರೆ ಸಾಕು. ಹಾಗೆ ಮಾಡದೆ ಹಳೆಯ ಪುಟಗಳನ್ನೇ ಚೌಕದೊಳಕ್ಕೆ ಅಂಟಿಸಿದ್ದರೆ ಹಳೆಯ ಗೋಳೇ ಮುಂದುವರಿಯುತ್ತದೆ. ತಂತ್ರಾಂಶ ಹೊಸದಾದ ಮಾತ್ರಕ್ಕೆ ಜೋಡಣೆ ಹೊಸದಾಗುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಬ್ರೌಸರ್‌ನಲ್ಲಿ ನಿರ್ವಹಣೆ ಎಂದರೆ ಬರೆಹವೇ ಬ್ರೌಸರ್‌ಗೆ ಬಂದುಬಿಡುತ್ತದೆ ಎಂದಲ್ಲ. ಬರೆಹ ಇರುವುದು ಸರ್ವರ್‌ನಲ್ಲಿಯೇ. ಬ್ರೌಸರ್‌ಗೆ ಬಂದದ್ದು ಬರೆಯುವ ಕೈ ಮಾತ್ರ.

ಕುತೂಹಲದ ಸಂಗತಿಯೆಂದರೆ ಇದು ಹೊಸ ವಿಚಾರವೇ ಅಲ್ಲ. ಟಿಮ್ ಬರ್ನರ್ಸ್-ಲೀ 1990ರಲ್ಲಿ ರೂಪಿಸಿದ ಜಗತ್ತಿನ ಮೊದಲ ಬ್ರೌಸರ್ ಓದುವ ಸಾಧನವೂ ಬರೆಯುವ ಸಾಧನವೂ ಆಗಿತ್ತು. ಮುಂದೆ 1993ರಲ್ಲಿ ಬಂದು ಜನಪ್ರಿಯವಾದ ಮೊಸಾಯಿಕ್ ಮುಖ್ಯವಾಗಿ ಓದುವ ಸಾಧನವಾಯಿತು, ಉಳಿದವೂ ಅದೇ ದಾರಿ ಹಿಡಿದವು. ವಾರ್ಡ್ ಕನಿಂಗ್‌ಹ್ಯಾಮ್ 1995ರ ಮಾರ್ಚ್ 25ರಂದು ತೆರೆದ ಮೊದಲ 'ವಿಕಿ' ತಾಣವು ಓದುಗರೇ ಅದೇ ಪುಟದಲ್ಲಿ ಬರೆಯುವ ಅವಕಾಶವನ್ನು ಮರಳಿಸಿತು. ಇದೀಗ ತದ್ವಿರುದ್ಧ ನಡೆದಿದೆ: ಎಫ್‌ಟಿಪಿಯನ್ನೇ ಬ್ರೌಸರ್‌ಗಳು ಹೊರಗೆ ಹಾಕಿವೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 2021ರಲ್ಲಿ ಅದರ ಬೆಂಬಲವನ್ನು ಕೈಬಿಟ್ಟವು.

ಕನ್ನಡಿಗರು ಈ ಬದಲಾವಣೆಯನ್ನು ಸರಕಾರಿ ಕಚೇರಿಗಳಿಗಿಂತ ಮೊದಲೇ ಕಂಡವರು. ಡಾ. ಯು.ಬಿ. ಪವನಜ ಅವರು 1996ರಲ್ಲಿ ಆರಂಭಿಸಿದ 'ವಿಶ್ವಕನ್ನಡ' ಕನ್ನಡದ ಮೊದಲ ಜಾಲತಾಣವೆಂದು ಹೆಸರಾಗಿದೆ. ಆ ಕಾಲದಲ್ಲಿ ಕನ್ನಡ ಪುಟ ಕಟ್ಟುವುದು ತಂತ್ರ ಬಲ್ಲವರಿಗಷ್ಟೇ ಸಾಧ್ಯವಿದ್ದ ಕೆಲಸ. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಶುರುವಾಯಿತು. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ 'ಸಂಪದ' ದ್ರುಪಲ್ ಆಧರಿಸಿ ನಡೆಯಿತು; ಎಚ್‌ಟಿಎಂಎಲ್‌ನ ಗಂಧವಿಲ್ಲದ ನೂರಾರು ಮಂದಿ ಅಲ್ಲಿ ಬ್ರೌಸರ್ ತೆರೆದು ಕನ್ನಡದಲ್ಲಿ ಬರೆದರು.

ಹಾನಗಲ್, ಸವಣೂರು, ಶಿಗ್ಗಾವಿ, ಹಿರೇಕೆರೂರು ನಾಲ್ಕಕ್ಕೂ ವಿಕಿಪೀಡಿಯದಲ್ಲಿ ಪುಟಗಳಿವೆ. ಪ್ರತಿ ಪುಟದ ಮೇಲೆ 'ಇತಿಹಾಸ' ಎಂಬ ಕೊಂಡಿ ಇರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಹೋಗಿ ಯಾವ ಪದ ಬಂತು ಎಂಬುದೆಲ್ಲ ಅಲ್ಲಿ ದಾಖಲು. ಕಿಡಿಗೇಡಿಯೊಬ್ಬ ಶಾಸಕರ ಹೆಸರಿನ ಜಾಗದಲ್ಲಿ ತನ್ನ ಗೆಳೆಯನ ಹೆಸರು ಹಾಕಿದರೂ ಹಳೆಯ ಸಾಲು ಅಳಿಯುವುದಿಲ್ಲ, ಒಂದು ಒತ್ತಿನಿಂದ ಮರಳಿ ತರಬಹುದು. ಕಚೇರಿಯ ಜಾಲತಾಣಕ್ಕೂ ಬೇಕಾದದ್ದು ಇದೇ. ಸರಕಾರಿ ಕಡತದಲ್ಲಿ ಹಿಂದಿನ ಟಿಪ್ಪಣಿಯನ್ನು ಯಾರೂ ಹರಿದು ಬಿಸಾಡುವುದಿಲ್ಲ, ಕೆಳಗೆ ಹೊಸದನ್ನು ಬರೆಯುತ್ತಾರೆ. ಜಾಲತಾಣ ಮಾತ್ರ ಅದಕ್ಕೆ ಹೊರತಾಗಿರಬೇಕಾದ ಕಾರಣವಿಲ್ಲ. ದ್ರುಪಲ್, ವರ್ಡ್‌ಪ್ರೆಸ್‌ಗಳಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದ್ದೇ ಇದೆ.

ಒಡೆಯ ಒಬ್ಬ, ಮನೆ ಇನ್ನೊಬ್ಬನದು

ಹಾವೇರಿ ಜಿಲ್ಲಾಡಳಿತದ ತಾಣ ಇಂದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ (ಎನ್‌ಐಸಿ) 'ಎಸ್3ವಾಸ್' ವ್ಯವಸ್ಥೆಯಲ್ಲಿದೆ. ಹಲವು ಜಿಲ್ಲೆಗಳ ತಾಣಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುವುದು ಈ ಕಾರಣಕ್ಕೇ. ಪುಟದ ಅಡಿಯಲ್ಲಿ ಸಣ್ಣಕ್ಷರಗಳಲ್ಲಿ ಎರಡು ಮಾತುಗಳಿರುತ್ತವೆ: ವಿಷಯದ ಒಡೆತನ ಜಿಲ್ಲಾಡಳಿತದ್ದು, ಅಭಿವೃದ್ಧಿ ಮತ್ತು ಸರ್ವರ್ ಎನ್‌ಐಸಿಯದು. ಬ್ರೌಸರ್ ಮೂಲಕ ನಿರ್ವಹಣೆ ಎಂಬುದರ ಸಾರಾಂಶ ಆ ಎರಡು ಮಾತುಗಳಲ್ಲೇ ಇದೆ. ಯಂತ್ರದ ಕ್ಷೇಮ, ಸುರಕ್ಷತೆ, ಪುಟದ ವಿನ್ಯಾಸ ಒಬ್ಬರ ಹೊಣೆ. ಬರೆದದ್ದು ಸರಿಯೋ ತಪ್ಪೋ ಎಂಬುದು ಇನ್ನೊಬ್ಬರ ಹೊಣೆ.

ನಗರ ಸ್ಥಳೀಯ ಸಂಸ್ಥೆಗಳದೂ ಹೆಚ್ಚುಕಡಿಮೆ ಇದೇ ಮಾದರಿ. ಹಾನಗಲ್, ಸವಣೂರು, ಶಿಗ್ಗಾವಿ ಪುರಸಭೆಗಳಿಗೂ ಹಿರೇಕೆರೂರಿನ ಪಟ್ಟಣ ಪಂಚಾಯಿತಿಗೂ ಪ್ರತ್ಯೇಕ ಸರ್ವರ್‌ಗಳಿಲ್ಲ. ಪೌರಾಡಳಿತದ ಪೌರಸುಧಾರಣಾ ಕೋಶದ ವಿಳಾಸದಡಿ ಊರಿಗೊಂದು ತಾಣ. ಸಣ್ಣ ಪಟ್ಟಣವೊಂದು ತನ್ನದೇ ಯಂತ್ರ ಕೊಂಡು, ತಂತ್ರಜ್ಞನನ್ನು ಇಟ್ಟುಕೊಂಡು, ವಿದ್ಯುತ್ ಹೋದಾಗ ಯುಪಿಎಸ್ ನೋಡಿಕೊಳ್ಳುವುದಕ್ಕಿಂತ ಇದು ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ತೊಂದರೆಯೂ ಉಂಟು. ಮನೆಯೊಡೆಯ ವಿಳಾಸ ಬದಲಿಸಿದರೆ ಬಾಡಿಗೆದಾರನ ವಿಳಾಸವೂ ಬದಲಾಗುತ್ತದೆ. ಒಮ್ಮೆ ಊರಿನ ಹೆಸರಿನೊಡನೆ ನೇರವಾಗಿ 'ಗವ್ ಡಾಟ್ ಇನ್' ಎಂದಿದ್ದ ಪುರಸಭಾ ವಿಳಾಸಗಳ ನಡುವೆ ಮುಂದೆ 'ಎಂಆರ್‌ಸಿ' ಬಂದು ಸೇರಿತು. ಹೀಗೆ ವಿಳಾಸ ಬದಲಾದಾಗ ಹಳೆಯದರಿಂದ ಹೊಸದಕ್ಕೆ ದಾರಿ ತೋರುವ ಏರ್ಪಾಡು ಇಲ್ಲದಿದ್ದರೆ, ಹಳೆಯ ಕೊಂಡಿ ನಂಬಿ ಬಂದವರು ಬರಿಗೈಯಲ್ಲಿ ಮರಳುತ್ತಾರೆ.

ಎಲ್ಲ ಬರೆಹಕ್ಕೂ ಈ ಸೌಲಭ್ಯ ಸಮಾನವಾಗಿ ಬೇಕೇ ಎಂಬುದೂ ಯೋಚಿಸತಕ್ಕದ್ದು. ಹಾನಗಲ್‌ನ ತಾರಕೇಶ್ವರ ದೇವಾಲಯ, ಸವಣೂರಿನ ದೊಡ್ಡಹುಣಸೆ ಮರಗಳು, ಶಿಗ್ಗಾವಿ ತಾಲ್ಲೂಕಿನ ಬಾಡ ಮತ್ತು ಶಿಶುನಾಳ, ಹಿರೇಕೆರೂರು ತಾಲ್ಲೂಕಿನ ಅಬಲೂರು: ಇವುಗಳ ಪರಿಚಯ ವರ್ಷಕ್ಕೊಮ್ಮೆ ಬದಲಾಗುವಂಥದ್ದಲ್ಲ. ಅಂಥ ಪುಟ ಹಳೆಯ ರೀತಿಯ ಕಡತವಾಗಿದ್ದರೂ ನಷ್ಟವಿಲ್ಲ, ವೇಗವಾಗಿ ತೆರೆಯುತ್ತದೆ ಎಂಬ ಲಾಭವೇ ಉಂಟು. ಟೆಂಡರ್ ಪ್ರಕಟಣೆ, ಆಸ್ತಿ ತೆರಿಗೆಯ ದರ, ನೀರು ಬಿಡುವ ದಿನ, ಮುಖ್ಯಾಧಿಕಾರಿಯ ದೂರವಾಣಿ, ವಾರ್ಡ್ ಮೀಸಲಾತಿ, ಇವು ಬದಲಾಗುವ ಸಂಗತಿಗಳು. ಜನ ಹುಡುಕಿಕೊಂಡು ಬರುವುದೂ ಇವನ್ನೇ.

ನುಡಿಯ ವೇಷ, ಹೆಸರಿನ ಗೊಂದಲ

ಬ್ರೌಸರ್‌ನ ಚೌಕದಲ್ಲಿ ಕನ್ನಡ ತುಂಬುವಾಗ ಹಲವು ಕಚೇರಿಗಳಲ್ಲಿ ಕೆಲಸ ನಿಲ್ಲುವ ಜಾಗ ಒಂದಿದೆ. ವರ್ಷಗಳಿಂದ ಪತ್ರವ್ಯವಹಾರವೆಲ್ಲ 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ನಡೆದಿದೆ. ಆ ಶೈಲಿಗಳಲ್ಲಿ ಯಂತ್ರದ ಒಳಗೆ ದಾಖಲಾಗುವುದು ಕನ್ನಡವಲ್ಲ. ಇಂಗ್ಲಿಷ್ ಲಿಪಿಯ ಅಕ್ಷರ, ಚಿಹ್ನೆಗಳಿಗೆ ಕನ್ನಡದ ರೂಪ ತೊಡಿಸಲಾಗಿರುತ್ತದೆ. ದೊಡ್ಡಾಟದ ಪಾತ್ರಧಾರಿ ಕಿರೀಟ, ಭುಜಕೀರ್ತಿ ತೆಗೆದಿಟ್ಟಂತೆ, ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಚಿಹ್ನೆಗಳ ಕಲಸುಮೇಲೋಗರ ಉಳಿಯುತ್ತದೆ. ಅಂಥ ಪತ್ರವನ್ನು ವರ್ಡ್‌ನಿಂದ ನಕಲಿಸಿ ಜಾಲತಾಣದ ಚೌಕದಲ್ಲಿ ಅಂಟಿಸಿದರೆ ಆಗುವುದೂ ಅದೇ.

2000ದ ದಶಕದ ಆರಂಭದಲ್ಲಿ ಕನ್ನಡ ಸುದ್ದಿತಾಣಗಳೂ ಇದೇ ಪಾಡುಪಟ್ಟವು. ಫಾಂಟನ್ನು ಪುಟದ ಜತೆಗೇ ಕಳಿಸುವ ಒಂದು ಉಪಾಯವಿತ್ತು. ಆದರೆ ಆ ಬಗೆಯ ಫಾಂಟ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುತ್ತಿತ್ತು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತಾದರೂ ಸಾಮಾನ್ಯ ಬಳಕೆದಾರನ ಯಂತ್ರದಲ್ಲಿ ಅದು ಸರಿಯಾಗಿ ಕಾಣತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ. ಈಗ ನುಡಿಯಲ್ಲೂ ಯೂನಿಕೋಡ್ ಇದೆ, ಹಳೆಯ ಬರೆಹವನ್ನು ಪರಿವರ್ತಿಸುವ ಸಾಧನಗಳೂ ಇವೆ. ಆದರೂ ಸುಲಭದ ದಾರಿಯೊಂದು ರೂಢಿಯಾಗಿಬಿಟ್ಟಿದೆ: ಪತ್ರವನ್ನು ಮುದ್ರಿಸಿ, ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ, ಪಿಡಿಎಫ್ ಆಗಿ ಏರಿಸುವುದು. ಕಣ್ಣಿಗೆ ಅದು ಕನ್ನಡ. ಹುಡುಕು ಯಂತ್ರಕ್ಕೆ ಬರಿಯ ಚಿತ್ರ. ಪರದೆಯ ಬರೆಹವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ಅಂಧ ಓದುಗರಿಗೆ ಖಾಲಿ ಹಾಳೆ.

ಊರ ಹೆಸರುಗಳ ಕಥೆಯೂ ಸಣ್ಣದೇನಲ್ಲ. ಶಿಗ್ಗಾವಿ, ಶಿಗ್ಗಾಂವ, ಶಿಗ್ಗಾಂವಿ ಎಂದು ಮೂರು ಬಗೆ, ಹಾನಗಲ್, ಹಾನಗಲ್ಲ ಎಂದು ಎರಡು ಬಗೆ ಚಾಲ್ತಿಯಲ್ಲಿವೆ. ಮನುಷ್ಯನಿಗೆ ಎಲ್ಲವೂ ಒಂದೇ ಊರು. ಯಂತ್ರಕ್ಕೆ ಸೊನ್ನೆ ಇದ್ದರೆ ಒಂದು ಪದ, ಇಲ್ಲದಿದ್ದರೆ ಇನ್ನೊಂದು. ಊರಿನ ಹೆಸರನ್ನು ಸಿಬ್ಬಂದಿ ಪ್ರತಿ ಸಲ ಕೈಯಲ್ಲಿ ಬೆರಳಚ್ಚು ಮಾಡುವ ಬದಲು ಪಟ್ಟಿಯಿಂದ ಆರಿಸುವಂತೆ ನಮೂನೆಯನ್ನು ರೂಪಿಸಿದರೆ ಈ ಗೊಂದಲ ಬಹಳಷ್ಟು ಕಡಿಮೆಯಾಗುತ್ತದೆ.

ತೆರೆದ ಬಾಗಿಲಿನ ಅಪಾಯ

ಸಿಬ್ಬಂದಿಗೆ ಎಲ್ಲಿಂದಲಾದರೂ ತೆರೆಯುವ ಬಾಗಿಲು ಕಳ್ಳನಿಗೂ ಎಲ್ಲಿಂದಲಾದರೂ ಕಾಣುವ ಬಾಗಿಲೇ. 2014ರ ಅಕ್ಟೋಬರ್ 15ರಂದು ದ್ರುಪಲ್‌ನಲ್ಲಿ ಗಂಭೀರ ಲೋಪವೊಂದು ಬಹಿರಂಗವಾಯಿತು. ಪಾಸ್‌ವರ್ಡ್ ಇಲ್ಲದೆಯೇ ದಫ್ತರದೊಳಗೆ ಕೈಹಾಕಲು ಅದರಿಂದ ಸಾಧ್ಯವಿತ್ತು. ಪ್ರಕಟಣೆಯಾದ ಏಳು ಗಂಟೆಯೊಳಗೆ ತೇಪೆ ಹಾಕದ ತಾಣಗಳು ಈಗಾಗಲೇ ಅನ್ಯರ ವಶವಾಗಿವೆ ಎಂದೇ ಭಾವಿಸತಕ್ಕದ್ದು ಎಂದು ದ್ರುಪಲ್‌ನ ಸುರಕ್ಷತಾ ತಂಡ ಜಗತ್ತಿನಾದ್ಯಂತ ಎಚ್ಚರಿಸಿತ್ತು. ಏಳು ಗಂಟೆಯೆಂದರೆ ಕಚೇರಿಯ ಒಂದು ದಿನವೂ ಪೂರ್ತಿಯಾಗುವುದಿಲ್ಲ. ಊರಿಗೊಂದು ಸರ್ವರ್ ಇಡದೆ ಒಂದೇ ಕಡೆ ನಿರ್ವಹಿಸುವುದರ ಪರವಾದ ಬಲವಾದ ವಾದ ಇದೇ: ತೇಪೆ ಒಂದೇ ಕಡೆ ಹಾಕಿದರೆ ಸಾಕು.

ಪಾಸ್‌ವರ್ಡ್‌ನ ವಿಷಯ ಇನ್ನೂ ಸಾಮಾನ್ಯವಾದದ್ದು. ತಿದ್ದುವ ಗುಮಾಸ್ತನಿಗೆ ವರ್ಗವಾದರೆ, ಗುತ್ತಿಗೆ ಆಧಾರದ ಗಣಕಯಂತ್ರ ನಿರ್ವಾಹಕನ ಅವಧಿ ಮುಗಿದರೆ ಪಾಸ್‌ವರ್ಡ್ ಅವರೊಂದಿಗೇ ಹೋಗುತ್ತದೆ, ಇಲ್ಲವೆ ಮೇಜಿನ ಗಾಜಿನ ಕೆಳಗೆ ಚೀಟಿಯಾಗಿ ಉಳಿಯುತ್ತದೆ. ಎರಡೂ ತಪ್ಪು. ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರವೇಶ, ಬರೆಯುವವರೊಬ್ಬರು, ಅನುಮೋದಿಸುವವರೊಬ್ಬರು, ವರ್ಗವಾದ ದಿನವೇ ಹಳೆಯ ಪ್ರವೇಶ ರದ್ದು. ಇಷ್ಟನ್ನು ತಂತ್ರಾಂಶ ಮಾಡಬಲ್ಲದು. ಚಾರ್ಜು ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಕೈ, ಸೀಲು, ಕಡತಗಳ ಜತೆಗೆ ಜಾಲತಾಣದ ಪ್ರವೇಶವನ್ನೂ ಬರೆಯಬೇಕಾದದ್ದು ಮನುಷ್ಯರು.

ಇತ್ತೀಚಿನ ತಾಣಗಳಲ್ಲಿ ಬ್ರೌಸರ್‌ನ ಪಾಲು ಇನ್ನೂ ಹೆಚ್ಚಿದೆ. ಸರ್ವರ್ ಬರಿಯ ಅಂಕಿ-ಅಂಶ ಕಳಿಸುತ್ತದೆ, ಪುಟವನ್ನು ಜೋಡಿಸುವ ಕೆಲಸ ಓದುಗನ ಬ್ರೌಸರ್‌ನಲ್ಲೇ ಜಾವಾಸ್ಕ್ರಿಪ್ಟ್ ಮೂಲಕ ನಡೆಯುತ್ತದೆ. ನೆಟ್‌ವರ್ಕ್ ಚೆನ್ನಾಗಿರುವೆಡೆ ಇದು ಸರಾಗ. ಸಿಗ್ನಲ್‌ನ ಒಂದು ಕಡ್ಡಿ ಹಿಡಿದು ಕುಳಿತವನಿಗೆ ಬಿಳಿ ಪರದೆಯ ಮೇಲೆ ತಿರುಗುವ ಚಕ್ರವಷ್ಟೇ ಕಾಣಬಹುದು. ಅರ್ಧ ಬರೆದ ಕರಡನ್ನು ಬ್ರೌಸರ್ ತನ್ನ ಬಳಿಯೇ ಇಟ್ಟುಕೊಳ್ಳುವ ಸೌಲಭ್ಯವೂ ಉಂಟು. ಆದರೆ ಆ ಕರಡು ಇರುವುದು ಅದೇ ಯಂತ್ರದ ಅದೇ ಬ್ರೌಸರ್‌ನಲ್ಲಿ. ಪಕ್ಕದ ಮೇಜಿನ ಯಂತ್ರದಲ್ಲಿ ಹುಡುಕಿದರೆ ಸಿಗದು.

ಓದುಗನ ಕೈಯಲ್ಲಿರುವುದೇನು?

2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಮು ಪ್ರತಿ ಸಾರ್ವಜನಿಕ ಪ್ರಾಧಿಕಾರವೂ ತನ್ನ ರಚನೆ, ಅಧಿಕಾರಿಗಳ ಕರ್ತವ್ಯ, ವೇತನ, ಬಜೆಟ್, ಮಾಹಿತಿ ಅಧಿಕಾರಿಗಳ ಹೆಸರು ಮುಂತಾದ 17 ಅಂಶಗಳನ್ನು ತಾನಾಗಿಯೇ ಪ್ರಕಟಿಸಬೇಕು, ಪ್ರತಿ ವರ್ಷ ಪರಿಷ್ಕರಿಸಬೇಕು ಎನ್ನುತ್ತದೆ. ಹೀಗೆ ತಾನಾಗಿ ಮಾಹಿತಿ ನೀಡುವ ಮಾರ್ಗಗಳಲ್ಲಿ ಅಂತರ್ಜಾಲವನ್ನು ಕಾಯ್ದೆಯೇ ಹೆಸರಿಸಿದೆ. ಸರ್ವರ್ ದೂರದಲ್ಲಿದೆ, ತಂತ್ರಜ್ಞ ಸಿಗಲಿಲ್ಲ ಎಂಬ ಸಬೂಬಿಗೆ ಬ್ರೌಸರ್ ಮೂಲಕ ತಿದ್ದುವ ವ್ಯವಸ್ಥೆ ಬಂದ ಮೇಲೆ ಹೆಚ್ಚು ಬೆಲೆ ಉಳಿದಿಲ್ಲ.

ಪುಟದ ಅಡಿಯಲ್ಲಿ 'ಕೊನೆಯ ಪರಿಷ್ಕರಣೆ' ಎಂಬ ದಿನಾಂಕವಿದ್ದರೆ ಓದುಗರು ಅದನ್ನು ಮೊದಲು ನೋಡುವುದು ಒಳ್ಳೆಯದು. ಆ ದಿನಾಂಕ ಆ ಪುಟದ್ದೋ ಇಡೀ ತಾಣದ್ದೋ ಎಂಬುದನ್ನೂ ಗಮನಿಸಬೇಕು. ಭಾವಚಿತ್ರ ವಿಭಾಗದಲ್ಲಿ ಒಂದು ಚಿತ್ರ ಸೇರಿದರೂ ತಾಣದ ದಿನಾಂಕ ಹೊಸದಾಗಬಹುದು. ಹಿಂದೆ ಪುಟದಲ್ಲಿ ಏನಿತ್ತು ಎಂದು ತಿಳಿಯಬೇಕಾದವರು ಅಮೆರಿಕದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸ ಕೊಟ್ಟು ಹುಡುಕಬಹುದು. ಎಲ್ಲವೂ ಸಿಗದು, ಸಿಕ್ಕದ್ದು ಉಪಯೋಗಕ್ಕೆ ಬರುತ್ತದೆ. ಪುಟದಲ್ಲಿ ತಪ್ಪಿದ್ದರೆ ಆಯಾ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸಿ, ಈ ಪುಟದ ವಿಷಯಕ್ಕೆ ಹೊಣೆಗಾರರು ಯಾರು, ಕೊನೆಯದಾಗಿ ತಿದ್ದಿದ್ದು ಯಾವಾಗ ಎಂಬ ದಾಖಲೆಯನ್ನು ಕೇಳಬಹುದು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಅರ್ಜಿ 150 ಪದಗಳನ್ನು ಮೀರದಂತೆ, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕೆಂಬ ನಿಯಮ ರಾಜ್ಯದಲ್ಲಿದೆ. ಆದ್ದರಿಂದ ಪುಟದ ಪೂರ್ಣ ವಿಳಾಸ, ಅದನ್ನು ನೋಡಿದ ದಿನಾಂಕ ಮತ್ತು ತಪ್ಪಾದ ಸಾಲು, ಇಷ್ಟನ್ನು ಬರೆದು ಪುಟದ ಮುದ್ರಿತ ಪ್ರತಿಯೊಂದನ್ನು ಲಗತ್ತಿಸಿದರೆ ಸಾಕಾಗುತ್ತದೆ.